ಮೊದಲು ಬಿಸಿಲಿನ ವಿಚಾರ ಕೇಳುವ ನರ್ಸರಿ

ಲಾಲ್‌ಬಾಗ್ ಪಕ್ಕದ ಸಿದ್ದಾಪುರದಲ್ಲಿ ಸಾಲಾಗಿ ನರ್ಸರಿಗಳಿವೆ. ಯಾವುದಕ್ಕೆ ಹೋದರೂ ಗಿಡಗಳು ಹಸಿರಾಗಿ, ಚೆನ್ನಾಗಿಯೇ ಕಾಣುತ್ತವೆ. ಹಾಗಾಗಿ ನಾನು ಗಿಡ ನೋಡಿ ನರ್ಸರಿ ಆರಿಸುವುದಿಲ್ಲ. ಅಲ್ಲಿರುವವರು ನನ್ನನ್ನು ಏನು ಕೇಳುತ್ತಾರೆ ಅಂತ ನೋಡುತ್ತೇನೆ. ರೇಟು ಹೇಳಿ ಕವರಿಗೆ ಹಾಕಿಕೊಡುವವರೇ ಜಾಸ್ತಿ. ನಾನು ಹೋಗುವ ನರ್ಸರಿಯ ಯಜಮಾನರು ಮಾತ್ರ ಮೊದಲು ಕೇಳುವುದು, "ಮನೇಲಿ ಬಿಸಿಲು ಎಷ್ಟೊತ್ತು ಬೀಳತ್ತೆ?"

ನನಗೆ ಬೇಕಿದ್ದದ್ದು ದುಂಡು ಮಲ್ಲಿಗೆ. ನಮ್ಮ ಬಾಲ್ಕನಿ ಪೂರ್ವಕ್ಕಿದೆ, ಆದರೆ ಎದುರಿಗೇ ನಾಲ್ಕು ಮಹಡಿಯ ಕಟ್ಟಡ. ಬಿಸಿಲು ಅದನ್ನು ದಾಟಿ ಬರುವಷ್ಟರಲ್ಲಿ ಒಂಬತ್ತಾಗುತ್ತದೆ, ಹನ್ನೊಂದೂವರೆಗೆ ಮುಗಿದೇ ಹೋಗುತ್ತದೆ. ಫೋನಿನಲ್ಲಿ ಫೋಟೋ ತೋರಿಸಿದೆ. ಅವರು ನೋಡಿ, "ಇಲ್ಲಿಟ್ಟರೆ ಎಲೆ ಬರತ್ತೆ ಅಷ್ಟೇ, ಮೊಗ್ಗು ಬರಲ್ಲ. ಮಲ್ಲಿಗೆಗೆ ಆರು ಗಂಟೆ ಬಿಸಿಲು ಬೇಕೇ ಬೇಕು. ಟೆರೇಸ್‌ನಲ್ಲಿ ಇಡಿ" ಎಂದರು. ಬಾಲ್ಕನಿಗೆ ಕನಕಾಂಬರ ಕೊಟ್ಟರು. ಅರೆ ನೆರಳಿದ್ದರೂ ಅದು ಹೂ ಬಿಡುತ್ತದೆ.

ಕನಕಾಂಬರದಲ್ಲೂ ಬಗೆಗಳಿವೆ ಅಂತ ನನಗೆ ಗೊತ್ತಾದದ್ದು ಅಲ್ಲೇ. ಮಾರುಕಟ್ಟೆಯಲ್ಲಿ ಡೆಲ್ಲಿ ಕನಕಾಂಬರ ಅಂತ ಮಾರುತ್ತಾರಲ್ಲ, ಅದು ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಬೆಳೆಸಬೇಕು. ಊರಿನ ಕನಕಾಂಬರದ ಒಣಗಿದ ಕಾಯಿಗೆ ನೀರು ತಾಗಿದರೆ ಪಟ್ ಅಂತ ಸಿಡಿದು ಬೀಜ ಹಾರುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅರ್ಕ ಅಂಬರ, ಅರ್ಕ ಕನಕ ಅಂತ ತಳಿಗಳನ್ನೇ ಬಿಡುಗಡೆ ಮಾಡಿದ್ದಾರೆ. ಈ ಗಿಡಕ್ಕೆ ಶತ್ರು ಅಂದರೆ ಬೇರಿಗೆ ಗಂಟು ಕಟ್ಟಿಸುವ ಜಂತು ಹುಳ. ಅದಕ್ಕೇ ಮಣ್ಣಿಗೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ, ಪಕ್ಕದಲ್ಲಿ ಚೆಂಡು ಹೂವಿನ ಗಿಡ ಇಡಿ ಎಂದರು. ಎರಡನ್ನೂ ಮಾಡಿದ್ದೇನೆ. ದಿನ ಬಿಟ್ಟು ದಿನ ಒಂದು ಪುಟ್ಟ ದಂಡೆಗೆ ಆಗುವಷ್ಟು ಹೂ ಸಿಗುತ್ತಿದೆ.

ಟೆರೇಸ್‌ನ ಮಲ್ಲಿಗೆಗೆ ಹನ್ನೆರಡು ಇಂಚಿನ ಕುಂಡ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ತಳದ ತೂತಿನ ಮೇಲೆ ಹೆಂಚಿನ ಚೂರು. ಕವರ್ ಹರಿಯುವಾಗ ಬೇರಿನ ಸುತ್ತಲಿನ ಮಣ್ಣಿನ ಹೆಂಟೆ ಒಡೆಯಬಾರದು, ಇದನ್ನು ಒತ್ತಿ ಒತ್ತಿ ಹೇಳಿದರು. ನವೆಂಬರ್ ಕೊನೆಗೆ ನೀರು ಕಡಿಮೆ ಮಾಡಿ ಗಿಡವನ್ನು ಸವರಬೇಕಂತೆ. ಹೇಗೆ ಅಂತ ತಮ್ಮದೇ ಒಂದು ಗಿಡದಲ್ಲಿ ತೋರಿಸಿದರು. ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು, ಹೊರಗೆ ಮುಖ ಮಾಡಿದ ಕಣ್ಣನ್ನು, ಅಂದರೆ ಚಿಗುರು ಒಡೆಯುವ ಜಾಗವನ್ನು, ಉಗುರಿನಿಂದ ಮುಟ್ಟಿ ತೋರಿಸಿ, ಅದರ ಸ್ವಲ್ಪ ಮೇಲೆ ಕತ್ತರಿಯನ್ನು ಓರೆಯಾಗಿ ಇಟ್ಟು ಕಚಕ್ ಅನಿಸಿದರು. ಒಳಮುಖದ ಕಣ್ಣಿನ ಮೇಲೆ ಕತ್ತರಿಸಿದರೆ ಚಿಗುರು ಒಳಗೊಳಗೇ ಹೆಣೆದುಕೊಂಡು ಗಾಳಿ ಬೆಳಕು ಆಡುವುದಿಲ್ಲ. ಈ ಒಂದು ಮಾತು ಎಷ್ಟು ವಿಡಿಯೋ ನೋಡಿದ್ದರೂ ನನ್ನ ತಲೆಗೆ ಇಳಿಯುತ್ತಿರಲಿಲ್ಲ.

ಗಿಡ ಮಾರಿದ ಮೇಲೂ ಅವರ ಕೆಲಸ ಮುಗಿಯುವುದಿಲ್ಲ, ನನಗೆ ಬಹಳ ಇಷ್ಟವಾದದ್ದು ಇದೇ. ನಮ್ಮ ಕರಿಬೇವು ಹಳದಿ ತಿರುಗಿದಾಗ ಒಂದು ರೆಂಬೆ ಕಿತ್ತುಕೊಂಡು ಹೋದೆ. ಬೆಳಕಿಗೆ ಹಿಡಿದು ನೋಡಿದರು. ಚಿಗುರೆಲೆ ಹಳದಿ, ನರ ಮಾತ್ರ ಹಸಿರು. "ಇದು ಕಬ್ಬಿಣ ಸಾಲದ್ದು. ಬೋರ್‌ವೆಲ್ ನೀರು ಹಾಕ್ತೀರಾ ಅಲ್ವಾ?" ಹೌದು, ಅದನ್ನೇ ಹಾಕುತ್ತೇವೆ. ಗಡಸು ನೀರಿನಿಂದ ಮಣ್ಣು ಕ್ಷಾರವಾದರೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರು ಹೀರಲಾರದು. ಕೆಳಗಿನ ಹಳೆ ಎಲೆ ಮೊದಲು ಹಳದಿಯಾಗಿದ್ದರೆ ಸಾರಜನಕದ ಕೊರತೆ ಇರಬಹುದಿತ್ತು, ಆಗ ಔಷಧಿಯೇ ಬೇರೆ. ಮಳೆ ನೀರು ಹಿಡಿದು ಹಾಕಿ, ಗೊಬ್ಬರ ಜಾಸ್ತಿ ಮಾಡಿ, ಹುಳಿ ಮಜ್ಜಿಗೆಯನ್ನು ನೀರಾಗಿ ಮಾಡಿ ಆಗಾಗ ಹಾಕಿ ಎಂದರು. ಆ ದಿನ ನನ್ನಿಂದ ಅವರಿಗೆ ಒಂದು ರೂಪಾಯಿ ವ್ಯಾಪಾರವೂ ಇರಲಿಲ್ಲ. ಈಗ ಹೊಸ ಚಿಗುರು ಹಸಿರಾಗಿಯೇ ಬರುತ್ತಿದೆ.

ನೀವೂ ಹೋಗುವುದಾದರೆ ಜನವರಿ, ಆಗಸ್ಟಿನ ಫ್ಲವರ್ ಶೋ ದಿನಗಳನ್ನು ಬಿಟ್ಟು ಹೋಗಿ. ಆಗ ಆ ಕಡೆಯೆಲ್ಲ ಜನವೋ ಜನ, ಯಾರಿಗೂ ನಿಂತು ಮಾತಾಡುವಷ್ಟು ಪುರುಸೊತ್ತಿರುವುದಿಲ್ಲ. ವಾರದ ನಡುವೆ ಬೆಳಗ್ಗೆ ಒಳ್ಳೆಯದು. ಬಿಸಿಲು ಬಿದ್ದಿರುವಾಗ ತೆಗೆದ ಬಾಲ್ಕನಿಯ ಫೋಟೋ ಇರಲಿ. ಪೂರ್ತಿ ಅರಳಿ ನಿಂತ ಗಿಡಕ್ಕಿಂತ ಮೊಗ್ಗು ಇರುವುದನ್ನು ಕೇಳಿ. ಮನೆಯ ಗಿಡಕ್ಕೆ ರೋಗ ಬಂದಿದ್ದರೆ ರೆಂಬೆಯನ್ನು ಕವರಿಗೆ ಹಾಕಿ ಕವರಿನ ಬಾಯಿ ಕಟ್ಟಿಕೊಂಡು ಹೋಗಿ. ಬಿಳಿ ಹಿಟ್ಟು ತಿಗಣೆ ಏನಾದರೂ ಇದ್ದರೆ ಅವರ ಗಿಡಗಳಿಗೆ ಹತ್ತಬಾರದು.