ಕೋಡ್ ಇಲ್ಲ, ಆದ್ರೆ ಕಾಯಿಲೆ ಇದೆ

ಕಾರು ಐಡಲ್‌ನಲ್ಲಿ ನಿಂತ್ರೆ ಸಾಕು ಸ್ಟೀರಿಂಗ್ ನಡುಗೋದು, ಚೆಕ್ ಇಂಜಿನ್ ಲೈಟ್ ಇಲ್ಲ, ಸ್ಕ್ಯಾನರ್ ಹಾಕಿದ್ರೆ ಒಂದು ಎರರ್ ಕೋಡೂ ಇಲ್ಲ, ಪ್ಲಗ್ಗು ಕಾಯಿಲು ಬದಲಾಯಿಸಿದ್ರೂ ಅದೇ ಕಥೆ. ಕೊನೆಗೆ ನಮ್ಮ ಏರಿಯಾದ ಮೆಕ್ಯಾನಿಕ್ ಅಣ್ಣ ಸ್ಕ್ಯಾನರ್ ಪಕ್ಕಕ್ಕಿಟ್ಟು ಸಿಲಿಂಡರ್ ಒಳಗಿನ ಒತ್ತಡ ಅಳೆಯೋ ಕಂಪ್ರೆಷನ್ ಗೇಜ್ ತಗೊಂಡ್ರು. ಮೂರು ಸಿಲಿಂಡರ್‌ನಲ್ಲಿ 170 ಪಿಎಸ್‌ಐ ಆಸುಪಾಸು, ಎರಡನೇದ್ರಲ್ಲಿ ಮಾತ್ರ 110. ಪ್ಲಗ್ ತೂತಿಂದ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ನೋಡಿದ್ರು, ಏರ್ಲಿಲ್ಲ. ಪಿಸ್ಟನ್ ಸುತ್ತ ಗಾಳಿ ಸೋರದಂತೆ ತಡೆಯೋ ರಿಂಗ್ ಸವೆದಿದ್ರೆ ಏರ್ಬೇಕಿತ್ತಂತೆ.

ಆಮೇಲೆ ಪಿಸ್ಟನ್ ಮೇಲಕ್ಕೆ ತಂದು, ವಾಲ್ವ್‌ಗಳೆಲ್ಲ ಮುಚ್ಚಿರೋ ಪೊಸಿಷನ್‌ನಲ್ಲಿ ನಿಲ್ಸಿ, ಆ ಸಿಲಿಂಡರ್‌ಗೆ ಕಂಪ್ರೆಸರ್ ಗಾಳಿ ಕೊಟ್ಟು "ಬನ್ನಿ ಸಾರ್, ಇಲ್ಲಿ ಕಿವಿ ಇಡಿ" ಅಂದ್ರು. ಇಂಜಿನ್‌ಗೆ ಗಾಳಿ ಹೋಗೋ ದಾರಿಯ ಥ್ರಾಟಲ್ ಬಾಡಿ ಒಳಗಿಂದ ಸ್ಪಷ್ಟವಾಗಿ ಬುಸ್ಸ್ ಅಂತ ಗಾಳಿ! ಸೈಲೆನ್ಸರ್‌ನಲ್ಲಿ ಕೇಳಿಸಿದ್ರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಕ್ಯಾಪ್ ಹತ್ರ ಜೋರಾಗಿ ಬಂದ್ರೆ ರಿಂಗು, ಇಲ್ಲಿ ಬಂದ್ರೆ ಇನ್‌ಟೇಕ್ ವಾಲ್ವ್.

ವಾಲ್ವ್ ಸೀಟ್ ಮೇಲೆ ಸರಿಯಾಗಿ ಕೂತಿದ್ಯಾ ಅಂತ ನೋಡೋ ಸೆನ್ಸರೇ ಇಲ್ಲ ಕಣ್ರೀ, ಇಸಿಯು (ಇಂಜಿನ್ ಕಂಪ್ಯೂಟರ್) ಕ್ರ್ಯಾಂಕ್ ತಿರುಗೋ ವೇಗದ ಏರುಪೇರು ನೋಡಿ ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಉರಿಯದೇ ಇರೋದು) ಲೆಕ್ಕ ಹಾಕುತ್ತೆ, ಅದು ಒಂದು ಮಿತಿ ದಾಟೋವರೆಗೂ ಕೋಡ್ ಬರಲ್ಲ. ಈ ಮಧ್ಯದ ಜಾಗದಲ್ಲಿ ಕೆಲಸಕ್ಕೆ ಬರೋದು ಇಂಥವರ ಕಿವಿ, ಕೈ, ತಾಳ್ಮೆ, ನಿಜವಾಗ್ಲೂ ಈ ವಿದ್ಯೆಗೆ ನಾವು ಕೊಡೋ ಮರ್ಯಾದೆ ಕಮ್ಮಿನೇ ಅನ್ಸುತ್ತೆ.

ಹೆಡ್ ಬಿಚ್ಚಿ ನೋಡಿದ್ರೆ ವಾಲ್ವ್ ಅಂಚಿನ ಒಂದು ಕಡೆ ಕಪ್ಪಗೆ ಕಾರ್ಬನ್ ಗಟ್ಟಿಯಾಗಿ ಕೂತಿದೆ, ಸೀಟಲ್ಲೂ ಅಲ್ಲೇ ಗುಳಿ. ಹೊಸ ವಾಲ್ವ್ ತರ್ಸಿದ್ದೀವಿ, ಸೀಟ್ ಕಟಿಂಗ್‌ಗೆ ಹೆಡ್ ಲೇತ್‌ಗೆ ಹೋಗಿದೆ.