ಅಪ್ಪನ ಲೋಟದ ಸಕ್ಕರೆ

ಅಪ್ಪನಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡು 18 ವರ್ಷ. ನಮ್ಮ ಮನೆಯ ಸಕ್ಕರೆ ಡಬ್ಬಿ ಅಟ್ಟ ಹತ್ತಿಯೂ ಅಷ್ಟೇ ಕಾಲವಾಯಿತು. ಕಳೆದ ಬೇಸಿಗೆಯಲ್ಲಿ ಮದುವೆ ಊಟ ಉಂಡು ಬಂದವರಿಗೆ ರಾತ್ರಿಯಿಡೀ ಭೇದಿ. ಬೆಳಿಗ್ಗೆ ತಂದ ಓಆರ್‌ಎಸ್ ಪೊಟ್ಟಣವನ್ನು ತಿರುಗಿಸಿ ನೋಡಿದರೆ, ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ! ಅದನ್ನು ಬದಿಗಿಟ್ಟು ಉಪ್ಪು, ನಿಂಬೆರಸ ಹಾಕಿದ ನೀರು ಕುಡಿಸಿದೆ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಕುಡಿದದ್ದೆಲ್ಲ ಹಾಗೆಯೇ ಹೊರಟುಹೋಗಿತ್ತು. ನಾಲಿಗೆ ಒಣಗಿತ್ತು, ಕಣ್ಣು ಗುಳಿಬಿದ್ದಿತ್ತು.

ಬಡಾವಣೆಯ ವೈದ್ಯರು ನನ್ನ ವರದಿ ಕೇಳಿ ಪೆನ್ನು ಕೆಳಗಿಟ್ಟರು. "ಸಕ್ಕರೆ ತೆಗೆದರೆ ಉಪ್ಪನ್ನು ಒಳಗೆ ಕರೆದುಕೊಂಡು ಹೋಗುವವರು ಯಾರಮ್ಮಾ?" ಚೀಟಿಯ ಹಿಂಬದಿಯಲ್ಲಿ ಕರುಳಿನ ಒಂದು ಜೀವಕೋಶ ಬರೆದರು. ಅದರ ಪೊರೆ ಕೊಬ್ಬಿನದು. ಉಪ್ಪಿನಲ್ಲಿರುವ, ವಿದ್ಯುದಂಶ ಹೊತ್ತ ಸೋಡಿಯಂ ಅದನ್ನು ತಾನಾಗಿ ದಾಟಲಾರದು. ಪೊರೆಯಲ್ಲಿ ಪ್ರೋಟೀನಿನ ಬಾಗಿಲೊಂದಿದೆ. ಎರಡು ಸೋಡಿಯಂ, ಒಂದು ಗ್ಲೂಕೋಸ್ ಜೊತೆಯಾಗಿ ಬಂದರೆ ಮಾತ್ರ ಅದು ಒಳಕ್ಕೆ ತಿರುಗುತ್ತದೆ. ಜೀವಕೋಶದ ಹಿಂಬದಿಯಲ್ಲಿರುವ ಪಂಪು ಶಕ್ತಿ ಸುಟ್ಟು ಸೋಡಿಯಂ ಅನ್ನು ರಕ್ತದ ಕಡೆಗೆ ದಬ್ಬುತ್ತಲೇ ಇರುತ್ತದೆ, ಹಾಗಾಗಿ ಒಳಗೆ ಸದಾ ಜಾಗ ಖಾಲಿ. ಉಪ್ಪು ಹೋದ ಕಡೆಗೆ ನೀರು ಹಿಂಬಾಲಿಸುತ್ತದೆ. ಕಾಲರಾದಲ್ಲೂ ಈ ಬಾಗಿಲು ಕೆಡುವುದಿಲ್ಲವಂತೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಾಲನಬಿಸ್ ಸಾವಿರಾರು ಜೀವ ಉಳಿಸಿದ್ದು ಇದೇ ಉಪ್ಪು-ಸಕ್ಕರೆ ನೀರಿನಿಂದ.

"ಹಾಗಾದರೆ ಪಕ್ಕದ ಮನೆಯವರು ತಂದ ತಂಪು ಪಾನೀಯ?" ಎಂದೆ. ಅವರು ಕೈ ಅಡ್ಡ ಮಾಡಿದರು. ಸಕ್ಕರೆ ಅತಿಯಾದರೆ ಲೆಕ್ಕ ಉಲ್ಟಾ; ಮೈಯೊಳಗಿನ ನೀರೇ ಕರುಳಿಗೆ ಇಳಿದು ಭೇದಿ ಹೆಚ್ಚುತ್ತದೆ. ಓಆರ್‌ಎಸ್‌ನಲ್ಲಾದರೋ 200 ಮಿಲಿ ಲೋಟಕ್ಕೆ 3 ಗ್ರಾಮಿಗೂ ಕಡಿಮೆ. "ಕುಡಿಸಿ, ಆಗಾಗ ರಕ್ತದ ಸಕ್ಕರೆ ನೋಡುತ್ತಿರಿ. ಸಂಜೆಯೊಳಗೆ ಮೂತ್ರ ಆಗದಿದ್ದರೆ ಇಲ್ಲಿಗೇ ಕರೆತನ್ನಿ."

ಪೊಟ್ಟಣ ಹರಿದು, ಲೀಟರ್ ನೀರು ಅಳೆದು ಕಲಸಿದೆ. ಮಗಳು ಕೈಯಾರೆ ಸಕ್ಕರೆ ಕೊಡುತ್ತಿದ್ದಾಳೆಂದು ಅಪ್ಪ ಆಸೆಯಿಂದ ಮೊದಲ ಗುಟುಕು ಹೀರಿ ಮುಖ ಕಿವುಚಿದರು.

"ಇದರಲ್ಲಿ ಸಕ್ಕರೆ ಎಲ್ಲಿದೆ? ಕಣ್ಣೀರು ಕುಡಿದ ಹಾಗಿದೆ."

ಚಮಚ ಚಮಚವಾಗಿ ಮೂರು ಲೋಟ ಇಳಿಯಿತು. ಸಂಜೆ ಐದಕ್ಕೆ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದರು. ನಾನು ಹೊರಗಿನಿಂದಲೇ, "ಆಯಿತೇ ಅಪ್ಪಾ?" ಎಂದು ಕೂಗಿದೆ. "ಊರಿಗೆಲ್ಲ ಕೇಳಿಸುವಂತೆ ಕೇಳಬೇಡವೇ," ಎಂದು ಒಳಗಿನಿಂದ ಗದರಿದರು. ದನಿಗೆ ಹಳೆಯ ಖಾರ ಮರಳಿತ್ತು.