ಇಲಿ ನಡೆಯುವುದು ಕಣ್ಣಿಗೇ ಕಾಣುತ್ತದಲ್ಲ, ನರದ ಸಿಗ್ನಲ್ ಯಾಕೆ ಅಳೆಯುತ್ತೀರಿ?

ಬೆನ್ನುಹುರಿಗೆ ಪೆಟ್ಟಾದ ಇಲಿಗಳ ಜೊತೆ ನನ್ನ ಕೆಲಸ ಎಂದು ಗೊತ್ತಾದವರೆಲ್ಲ ಇದನ್ನೇ ಕೇಳುತ್ತಾರೆ. ಔಷಧಿ ಕೊಟ್ಟ ಮೇಲೆ ಎದ್ದು ನಡೆದರೆ ವಾಸಿಯಾಯಿತು, ಇಲ್ಲದಿದ್ದರೆ ಇಲ್ಲ, ಅಷ್ಟೇ ಅಲ್ವಾ ಅಂತ.

ನಡಿಗೆಯನ್ನೂ ನೋಡುತ್ತೇವೆ. ಅದಕ್ಕೆ 1995ರಲ್ಲಿ ಬಾಸೊ, ಬೀಟಿ, ಬ್ರೆಸ್ನಹಾನ್ ಎಂಬ ಮೂವರು ವಿಜ್ಞಾನಿಗಳು ಪ್ರಕಟಿಸಿದ ಬಿಬಿಬಿ ಅಂಕಗಳಿವೆ. ಹಿಂಗಾಲು ಒಂದಿಷ್ಟೂ ಅಲ್ಲಾಡದಿದ್ದರೆ 0, ಸರಿಯಾಗಿ ನಡೆದರೆ 21. ಆದರೆ ಹೆಜ್ಜೆ ಹಾಕುವ ತಾಳ ಇರುವುದು ಸೊಂಟದ ಭಾಗದ ಬೆನ್ನುಹುರಿಯಲ್ಲೇ. ಎದೆಯ ಮಟ್ಟದಲ್ಲಿ ಪೆಟ್ಟಾಗಿ ಮಿದುಳಿನಿಂದ ಬರುವ ದಾರಿ ಬಹುಪಾಲು ಹಾಳಾಗಿದ್ದರೂ ಕೆಳಗಿನ ಆ ಭಾಗ ಕಾಲನ್ನು ಒಂದಷ್ಟು ಆಡಿಸಬಲ್ಲದು. ಕಾಲು ಆಡಿತು ಅಂದ ಮಾತ್ರಕ್ಕೆ ದಾರಿ ತೆರೆಯಿತು ಅಂತಲ್ಲ.

ದಾರಿ ತೆರೆದಿದೆಯಾ ಅಂತ ಕೇಳುವುದಕ್ಕೇ ಸಿಗ್ನಲ್ ಬೇಕು. ಇಲಿಗೆ ಅರಿವಳಿಕೆ ಕೊಟ್ಟು, ಹಿಂಗಾಲಿನ ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು, ಅದು ಬೆನ್ನುಹುರಿ ಹತ್ತಿ ಮಿದುಳಿಗೆ ಎಷ್ಟು ಹೊತ್ತಿಗೆ, ಎಷ್ಟು ಬಲವಾಗಿ ತಲುಪಿತು ಎಂದು ತಲೆಬುರುಡೆಯ ಮೇಲಿನ ಎಲೆಕ್ಟ್ರೋಡ್‌ನಿಂದ ಅಳೆಯುತ್ತೇವೆ. ಬರುವ ಅಲೆ ಮೈಕ್ರೋವೋಲ್ಟ್ ಲೆಕ್ಕದ್ದು, ಮಿದುಳಿನ ಉಳಿದ ವಿದ್ಯುತ್ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಹಾಗಾಗಿ ಅದೇ ಮಿಡಿತವನ್ನು ನೂರು ಸಲ ಕೊಟ್ಟು ಸರಾಸರಿ ತೆಗೆಯಬೇಕು, ಆಗ ಸದ್ದು ಹತ್ತರಲ್ಲೊಂದು ಪಾಲಿಗೆ ಇಳಿದು ಅಲೆ ಮೇಲೇಳುತ್ತದೆ. ಖಾಲಿ ಗೆರೆಯ ನಡುವೆ ಸಣ್ಣದೊಂದು ಏರು ಕಾಣಿಸಿಕೊಳ್ಳುವ ಆ ಹೊತ್ತು ನನಗೆ ಇವತ್ತಿಗೂ ತುಂಬಾ ಇಷ್ಟ.

ಸುಮ್ನೆ ಅಲೆ ಸಣ್ಣದಾಯಿತು ಅಂದರೆ ಸಾಲದು. ಅರಿವಳಿಕೆ ಒಂದು ಗೀಟು ಜಾಸ್ತಿಯಾದರೂ ಅಲೆ ಕುಗ್ಗುತ್ತದೆ, ಮೈ ತಣ್ಣಗಾದರೆ ತಡವಾಗಿ ಬರುತ್ತದೆ. ಅದಕ್ಕೇ ಮುಂಗಾಲನ್ನೂ ಅಳೆಯುತ್ತೇವೆ. ಅದರ ದಾರಿ ಪೆಟ್ಟಾದ ಜಾಗಕ್ಕಿಂತ ಮೇಲೆಯೇ ಬೆನ್ನುಹುರಿ ಸೇರುತ್ತದೆ, ಪೆಟ್ಟನ್ನು ದಾಟಬೇಕಾಗಿಲ್ಲ. ಮುಂಗಾಲಿನ ಅಲೆಯೂ ಕುಗ್ಗಿದ್ದರೆ ತಪ್ಪು ಬೆನ್ನುಹುರಿಯದ್ದಲ್ಲ, ನಮ್ಮದು. ಆ ದಿನದ ಅಳತೆಯನ್ನು ಬಿಟ್ಟುಬಿಡಬೇಕು, ಎಷ್ಟೇ ಬೇಜಾರಾದರೂ.

ಹಾಗಾದರೆ ನಡಿಗೆ ನೋಡುವುದು ಬೇಡವಾ ಅಂದರೆ, ಬೇಕೇ ಬೇಕು. ಈ ಅಲೆ ಮುಖ್ಯವಾಗಿ ಬೆನ್ನುಹುರಿಯ ಹಿಂಭಾಗದ ದಾರಿಯ ಸುದ್ದಿ ಹೇಳುತ್ತದೆ, ಅಂದರೆ ಸ್ಪರ್ಶದ ದಾರಿ. ಕೆಳಗಿಳಿಯುವ ಚಲನೆಯ ದಾರಿಗೆ ಬೇರೆ ಅಳತೆ, ಮಿದುಳನ್ನು ಪ್ರಚೋದಿಸಿ ಕಾಲಿನ ಸ್ನಾಯುವಿನಲ್ಲಿ ಉತ್ತರ ಹುಡುಕುವುದು. ಮನುಷ್ಯರ ಬೆನ್ನುಮೂಳೆ ಆಪರೇಷನ್ ನಡೆಯುವಾಗ ಹುರಿಗೆ ಪೆಟ್ಟಾಗುತ್ತಿದೆಯಾ ಎಂದು ಕಾಯುವುದೂ ಈ ಎರಡು ಅಳತೆಗಳಿಂದಲೇ.

ಇನ್ನೊಂದು ಕಾರಣ ನನ್ನ ಮನಸ್ಸಿನದು. ಜೋರಾಗಿ ಪೆಟ್ಟಾದ ಇಲಿಗೆ ಮೊದಮೊದಲು ತಾನಾಗಿ ಮೂತ್ರ ಮಾಡಲಾಗುವುದಿಲ್ಲ. ಬೆಳಗ್ಗೆ, ಸಂಜೆ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನಾವೇ ಮಾಡಿಸಬೇಕು, ಹಬ್ಬ ಇರಲಿ, ಭಾನುವಾರ ಇರಲಿ. ಕೈಯಲ್ಲಿ ಆ ಬಿಸಿ ಮೈ ಹಿಡಿದವರಿಗೆ ಒಂದು ಇಲಿಯನ್ನೂ ಅರೆಬರೆ ಅಳತೆಗೆ ಬಳಸಲು ಮನಸ್ಸು ಬರುವುದಿಲ್ಲ. ಸಿಗ್ನಲ್ ಆದರೆ ಅದೇ ಇಲಿಯಲ್ಲಿ ವಾರ ವಾರವೂ ಅಳೆಯಬಹುದು. ಪ್ರತಿ ವಾರಕ್ಕೂ ಬೇರೆ ಬೇರೆ ಇಲಿಗಳನ್ನು ಕೊಂದು ಬೆನ್ನುಹುರಿ ಕೊಯ್ದು ನೋಡಬೇಕಾಗಿಲ್ಲ.